ಎರ್ರೆಮ್ಮನ ಬದು

1999ರ ಮೇ 24, ಬೆಳಿಗ್ಗೆ ಹತ್ತಕ್ಕೆ ಎರ್ರೆಮ್ಮ ಠಾಣೆಗೆ ಬಂದು, "ನನ್ನ ಬದು ಕಳುವಾಗೈತ್ರಿ" ಎಂದಳು.

ಕಾನ್‌ಸ್ಟೆಬಲ್ ಅಂಜಿನೇಯಲು ಪೆನ್ನಿನ ಮುಚ್ಚಳ ಹಾಕಿದ. "ಬದು ಏನು ಎಮ್ಮಿಯೇನಬೇ, ಹಗ್ಗ ಹರಕೊಂಡು ಹೋಗಾಕ?"

"ಕಲ್ಲಿನ ಬದು. ನಾನೂ ಸೊಸೀನೂ ಬ್ಯಾಸಗಿ ಪೂರ್ತಿ ಕಲ್ಲು ಆಯ್ದು ಕಟ್ಟಿದ್ದು. ಅಳತಿ ಆಗಿದ್ರ ಸರ್ಕಾರದ ಪ್ರೋತ್ಸಾಹಧನ ಬರ್ತಿತ್ತು. ಅದು ಹಾಳಾಗ್ಲಿ, ಮಳಿ ಬಂದ್ರ ಹೊಲದಾಗ ಮಣ್ಣು ಉಳಿಯಂಗಿಲ್ಲ. ಪಾಂಡವರನ್ನೂ ಬಿಟ್ಟಿಲ್ರೀ!"

ಪೈರಿಗೆ ಚರಗ, ಅಂದರೆ ಎಡೆಯ ಅನ್ನ, ಚೆಲ್ಲುವ ಹಬ್ಬದಂದು ಹೊಲದಲ್ಲಿ ಸುಣ್ಣ ಬಳಿದು ಪೂಜಿಸುವ ಐದು ಕಲ್ಲುಗಳೇ ಪಾಂಡವರು. ಸಬ್ ಇನ್ಸ್‌ಪೆಕ್ಟರ್ ಗುರುಬಸವರಾಜ ನಗಲಿಲ್ಲ. ಎಫ್‌ಐಆರ್ ಆಯಿತು.

ಎರ್ರೆಮ್ಮನ ಹೊಲದಿಂದ ಹೊರಟ ಟ್ರ್ಯಾಕ್ಟರಿನ ಗಾಲಿಗುರುತು ಬಂಡಿಜಾಡು ದಾಟಿ ನೇರವಾಗಿ, ಬದುಗಳಿಗೆ ಪ್ರೋತ್ಸಾಹಧನ ಕೊಡಿಸುವ ಜಲಾನಯನ ಸಮಿತಿಯ ಅಧ್ಯಕ್ಷ ಹಾಲೇಶಪ್ಪನ ಹೊಲ ಹೊಕ್ಕಿತ್ತು. ಕದ್ದವನಿಗೆ ಅದನ್ನು ಅಳಿಸುವಷ್ಟು ಮರ್ಯಾದೆಯೂ ಇರಲಿಲ್ಲ.

"ಹಳ್ಳದ ಕಲ್ಲು ಸರ್. ಸ್ವಂತ ಖರ್ಚು," ಎಂದ ಹಾಲೇಶಪ್ಪ, ಹೊಸ ಬದುವಿನ ಮೇಲೆ ನಿಂತು.

ಬದುವಿನ ಪಕ್ಕ, ಜಾಲಿಗಿಡದ ಬುಡದಲ್ಲಿ, ಸುಣ್ಣದ ಐದು ಕಲ್ಲು ಸಾಲಾಗಿ ಕೂತಿದ್ದವು.

"ಈ ಹೊಲ ಬಿತ್ತಿ ಎಷ್ಟು ವರ್ಷ ಆತು?" ಎಂದು ಗುರುಬಸವರಾಜ ಕೇಳಿದ.

"ಆರು."

"ಬೀಳು ಹೊಲದಾಗ ಚರಗ ಯಾರಿಗೆ ಚೆಲ್ಲಿದ್ರಿ?"

ಹಾಲೇಶಪ್ಪ ತನ್ನ ಡ್ರೈವರ್ ಯರ್ರೆಪ್ಪನನ್ನು ದುರುಗುಟ್ಟಿ ನೋಡಿದ. "ಅವನ್ನೂ ಬದುವಿನ ಒಳಗ ಹಾಕಂದಿದ್ನಲ್ಲಲೇ!"

"ಪಾಂಡವರ ಮ್ಯಾಲ ಕಲ್ಲು ಹೇರಾಕ ಯಾವ ಆಳೂ ಒಪ್ಪಲಿಲ್ರಿ ಗೌಡ್ರ. ಕೈಮುಗಿದು ಪಕ್ಕಕ್ಕ ಕುಂದ್ರಿಸಿದ್ವಿ." ಯರ್ರೆಪ್ಪ ಪೊಲೀಸರ ಕಡೆ ತಿರುಗಿದ. "ಇಲ್ಲಿ ಅಳತಿ ಮುಗದ್ರ ಇವೇ ಕಲ್ಲು ಇವರ ತಮ್ಮನ ಹೊಲಕ್ಕ ಹೋಗೋವಿದ್ವು ಸಾಹೇಬ್ರ."

ಪಂಚನಾಮೆ ಬರೆದು ಕಲ್ಲನ್ನೆಲ್ಲ ಜಪ್ತಿ ಮಾಡಿ ಠಾಣೆಗೆ ಸಾಗಿಸಲಾಯಿತು. ಸಂಜೆ ಐದಕ್ಕೆ ಹಾಲೇಶಪ್ಪನ ಬಂಧನವಾಯಿತು.

ಜೀಪಿನಲ್ಲಿ ಅವನು ಗುರುಬಸವರಾಜನಿಗೆ ಲೋಕಜ್ಞಾನ ಹೇಳಿದ: "ಸಮಿತಿ ಕಟ್ಟಿದಾವ ನಾನು. ಆಕಿ ಹೆಸರಿಗೆ ಚೆಕ್ ಬಂದ್ರ ಊರಾಗ ನನ್ನ ಯಾರು ಮಾತಾಡಸ್ತಾರ?"

ನೀರಾವರಿ ಜಮೀನು, ಎರಡು ಟ್ರ್ಯಾಕ್ಟರು, ಹರಪನಹಳ್ಳಿಯಲ್ಲೊಂದು ಅಂಗಡಿ ಇದ್ದ ಮನುಷ್ಯ. ಅವನಿಗೆ ಯಾವ ಕೊರತೆಯೂ ಇರಲಿಲ್ಲ; ತನ್ನ ಕೈ ದಾಟಿ ಇನ್ನೊಬ್ಬರಿಗೆ ಏನೂ ಸಿಗಕೂಡದು, ಅಷ್ಟೇ. ಗುರುಬಸವರಾಜ ಕಿಟಕಿಯಾಚೆ ಉಗಿದ.

ಜೂನ್ ಮೊದಲ ವಾರ ದೊಡ್ಡ ಮಳೆ ಬಿತ್ತು. ಮರುದಿನ ಎರ್ರೆಮ್ಮ ಠಾಣೆಯ ಅಂಗಳದಲ್ಲಿ ತನ್ನ ಕಲ್ಲಿನ ರಾಶಿಯ ಮುಂದೆ ನಿಂತಿದ್ದಳು.

"ಕೋರ್ಟಿನ ಅಪ್ಪಣಿ ಬರೋತನಕ ಮುಟ್ಟಂಗಿಲ್ಲಬೇ," ಎಂದ ಅಂಜಿನೇಯಲು, ಅವಳ ಮುಖ ನೋಡದೆ.

"ಗೌಡ ಒಯ್ದಾಗ ನಿಮ್ಮ ಹತ್ರ ಬಂದೆ. ಈಗ ನೀವು ಇಟಗಂಡೀರಿ. ಯಾರ ಹತ್ರ ಹೋಗ್ಲಪ್ಪಾ?"