ಅಜ್ಜಿಯ ಕುರ್ಚಿಯಲ್ಲಿ ಕೂತವಳು

"ಸ್ವಲ್ಪ ತಲೆ ಆ ಕಡೆ ತಿರುಗಿಸ್ತೀರಾ?"

ಅವಳು ತಿರುಗಿಸಿದಳು. ಹೊಸ ಕನ್ನಡಕದ ಕಡ್ಡಿಯನ್ನು ಅವಳ ಬಲಗಿವಿಯ ಹಿಂದೆ ಕೂರಿಸುತ್ತಿದ್ದ ಅವನ ಬೆರಳುಗಳು ಇದ್ದಕ್ಕಿದ್ದಂತೆ ನಿಂತುಬಿಟ್ಟವು.

ಉಸಿರು ತಾಗುವಷ್ಟು ಹತ್ತಿರದಲ್ಲಿದ್ದ. ಕೂದಲು ಸರಿಸಿ ಏನನ್ನೋ ನೋಡುತ್ತಿದ್ದ. ಅವಳ ಎದೆ ಡವಡವ ಎಂದಿತು. ಹಿಂದೆಯೇ ಸಿಟ್ಟೂ ಬಂತು.

"ಏನ್ರೀ ಅದು? ಕನ್ನಡಕ ಹಾಕೋಕೆ ಇಷ್ಟು ಹೊತ್ತಾ?"

"ಕ್ಷಮಿಸಿ... ಈ ಮಚ್ಚೆ ಹುಟ್ಟಿದಾಗಿಂದ ಇದೆಯಾ?"

"ಇದೆ. ಯಾಕೆ, ಅದಕ್ಕೂ ನಂಬರ್ ನೋಡ್ತೀರಾ?"

ಅವನು ನಗಲಿಲ್ಲ. ಒಳಕೋಣೆಯ ಕಡೆ ತಿರುಗಿ ಕೂಗಿದ. "ಅಮ್ಮಾ, ಸ್ವಲ್ಪ ಬಾ. ಅಜ್ಜಿ ಬಂದಿದ್ದಾರೆ."

ಅವಳು ಆ ಊರಿಗೆ ಹೊಸಬಳು. ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವ ಕೆಲಸ. ಅಪ್ಪ ಅಮ್ಮ ಇಲ್ಲ. ಬೇಕರಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಅಕ್ಷರಗಳು ಮಂಜಾಗತೊಡಗಿದ್ದಕ್ಕೆ ಕನ್ನಡಕ ಮಾಡಿಸಲು ಬಂದಿದ್ದಳೇ ಹೊರತು ಅಜ್ಜಿಯಾಗಲು ಅಲ್ಲ.

ಆದರೆ ಆ ಊರಿನ ಲೆಕ್ಕಾಚಾರವೇ ಬೇರೆ. ಅಲ್ಲಿ ಸತ್ತವರ ಮೈಮೇಲೆ ಒಂದು ಕಡೆ ದೀಪದ ಮಸಿಯಿಂದ ಚುಕ್ಕೆ ಇಡುತ್ತಾರೆ. ತಿರುಗಿ ಹುಟ್ಟುವಾಗ ಅದೇ ಜಾಗದಲ್ಲಿ ಮಚ್ಚೆ ಇರುತ್ತದೆ. ಅಲ್ಲಿಯವರೆಗೆ ಅವರ ಕುರ್ಚಿಯನ್ನು ಗೋಡೆಗೆ ಮುಖಮಾಡಿ ಇಟ್ಟಿರುತ್ತಾರೆ. ಬಂದವರನ್ನು ಹಳೆಯ ನಂಟಿನಿಂದಲೇ ಕರೆಯುತ್ತಾರೆ. ಶಾಲೆಗೆ ಹೋಗುವ ಹುಡುಗಿಯನ್ನು ಮುದುಕರೊಬ್ಬರು "ಅಕ್ಕಾ" ಎಂದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಅವನು ತೊದಲು ಮಾತಾಡುವ ವಯಸ್ಸಿನಲ್ಲಿ ಅವನ ಅಜ್ಜಿ ತೀರಿಕೊಂಡಿದ್ದರು. ಚುಕ್ಕೆ ಇಟ್ಟದ್ದು ಬಲಗಿವಿಯ ಹಿಂದೆ.

ಅವನ ಅಮ್ಮ ಹೊರಗೆ ಬಂದರು. ಕೈಯೆಲ್ಲ ಗಾಜು ಉಜ್ಜಿದ ಬಿಳಿ ಪುಡಿ. ಮಚ್ಚೆಯನ್ನು ನೋಡಿ ಅವರ ಮುಖ ಬಿಳುಚಿಕೊಂಡಿತು.

"ಬಂದ್ರಾ ಅತ್ತೆ..." ಎಂದರು.

ಅವಳು ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದಳು.

ಮೊದಮೊದಲು ಅವಳಿಗೆ ಇದೆಲ್ಲ ತಮಾಷೆ ಎನಿಸಿತು. ರಜೆಯ ದಿನ ಅಂಗಡಿಯ ಹಿಂದೆಯೇ ಇದ್ದ ಮನೆಗೆ ಊಟಕ್ಕೆ ಕರೆಯುತ್ತಿದ್ದರು. ಗೋಡೆಯ ಕಡೆ ತಿರುಗಿದ್ದ ಕುರ್ಚಿಯನ್ನು ಈ ಕಡೆ ತಿರುಗಿಸಿ ಅವಳನ್ನು ಕೂರಿಸುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಅಜ್ಜಿಯ ಹಳೆಯ ಕನ್ನಡಕ. ತಲೆ ನರೆತ ಅವನ ಅಪ್ಪ ಅವಳನ್ನು "ಅಮ್ಮ" ಎಂದು ಕರೆದು ಮಂಡಿನೋವಿನ ಕಥೆ ಹೇಳುತ್ತಿದ್ದರು.

"ಈ ಕನ್ನಡಕ ನನ್ನ ಮಗ ಮಾಡಿದ್ದು ಅಂತ ನೀನು ಊರಿಗೆಲ್ಲ ಹೇಳ್ಕೊಂಡು ಬರ್ತಿದ್ದೆ, ನೆನಪಿದೆಯಾ ಅಮ್ಮ?" ಎಂದು ಒಮ್ಮೆ ಕೇಳಿದರು.

"ಇಲ್ಲ," ಎಂದಳು. ಅವನ ಅಮ್ಮ ತುಂಬಿಯೇ ಇದ್ದ ಜಗ್ ಎತ್ತಿಕೊಂಡು ನೀರು ತರಲು ಒಳಗೆ ಹೋದರು.

ಅವಳನ್ನು ಕಂಡರೆ ಆಕೆ ಎದ್ದು ನಿಲ್ಲುತ್ತಿದ್ದರು. "ಅತ್ತೆ, ಉಪ್ಪು ಸರಿಯಿದೆಯಾ?" ಎಂದು ಕೇಳುವಾಗ ಧ್ವನಿ ನಡುಗುತ್ತಿತ್ತು. "ನನಗೆ ನೀನು ಅನ್ನಿ ಅತ್ತೆ" ಎಂದು ಎಷ್ಟು ಬೇಡಿಕೊಂಡರೂ ಅವಳ ಬಾಯಿಗೆ ಬರುತ್ತಿದ್ದದ್ದು ನೀವು.

ಆದರೂ ಯಾರೂ ಇಲ್ಲದವಳಿಗೆ ಕಾಯುವ ಮನೆಯೊಂದು ಸಿಕ್ಕಿತ್ತು. ಅದು ಸಣ್ಣ ವಿಷಯವಲ್ಲ.

ವಾಪಸ್ ಬಿಡಲು ಅವನು ಬರುತ್ತಿದ್ದ.

"ಅಜ್ಜಿ, ರಸ್ತೆ ದಾಟಬೇಕು. ಕೈ ಹಿಡ್ಕೊಳ್ಳಲಾ?"

"ಹಿಡ್ಕೋಪ್ಪಾ ಮೊಮ್ಮಗನೇ. ಕಣ್ಣು ಬೇರೆ ಮಂಜು."

ರಸ್ತೆ ದಾಟಿದ ಮೇಲೂ ಅವನು ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ. ಬೇಕರಿಯ ಬಾಗಿಲು ಬರುವವರೆಗೂ ಇಬ್ಬರೂ ಹಾಗೇ ನಡೆದರು.

'ಇವನು ನನ್ನನ್ನು ಅಜ್ಜಿ ಅನ್ನದೇ ಇದ್ದಿದ್ದರೆ...' ಅಂದಿನಿಂದ ಅವಳ ತಲೆ ಕೊರೆದದ್ದು ಇದೊಂದೇ ಯೋಚನೆ. ಅಜ್ಜಿ ಮೊಮ್ಮಗನನ್ನು ಮದುವೆಯಾಗಲು ಆ ಊರಿನಲ್ಲಷ್ಟೇ ಅಲ್ಲ, ಯಾವ ಊರಿನಲ್ಲೂ ಸಾಧ್ಯವಿಲ್ಲ.

ಒಂದು ಮಧ್ಯಾಹ್ನ ಅವನ ಅಮ್ಮ ಅವಳ ಕೈಗೆ ಒಂದು ಫೋಟೋ ಕೊಟ್ಟರು.

"ಅತ್ತೆ, ನಿಮ್ಮ ಮೊಮ್ಮಗನಿಗೆ ಈ ಹುಡುಗಿ ಆಗಬಹುದಾ? ಮನೆಗೆ ಹಿರಿಯರು ನೀವು. ಹೂಂ ಅಂದ್ರೆ ಮುಂದುವರಿಸೋಣ."

ಅವಳು ಅವನ ಮುಖ ನೋಡಿದಳು. ಅವನು ತಟ್ಟೆ ನೋಡುತ್ತಿದ್ದ. 'ಬೇಡ ಅನ್ನು. ಒಂದು ಮಾತು ಬೇಡ ಅನ್ನು...' ಅವನು ಇನ್ನೊಂದು ತುತ್ತು ಕಲಸಿದ.

"ಚೆನ್ನಾಗಿದ್ದಾಳೆ," ಎಂದಳು. ಫೋಟೋವನ್ನು ಮಗುಚಿ ಕೆಳಗಿಟ್ಟಳು.

ಅಂದು ರಸ್ತೆ ದಾಟುವಾಗ ಅವನು ಕೈ ಹಿಡಿಯಲಿಲ್ಲ. ಬೇಕರಿ ಹತ್ತಿರವಾದಾಗ ಅವಳಿಗೆ ತಡೆಯಲಾಗಲಿಲ್ಲ.

"ಮದುಮಗನಿಗೆ ಈಗಲೇ ಮಾತು ನಿಂತುಹೋಯ್ತಾ?"

"ಹೂಂ ಅಂದವರು ನೀವು."

"ಸುಮ್ಮನಿದ್ದವರು ನೀವು!"

ಅವನು ನಿಂತ. "ನಾನೇನು ಹೇಳಲಿ? ಆ ಮನೆ ಸಿಕ್ಕಿದ್ದಕ್ಕೆ ನೀವು ಎಷ್ಟು ಖುಷಿಯಾಗಿದ್ದೀರಿ ಅಂತ ನೋಡಿದ್ದೀನಿ. ನನಗೆ ನೀವು ಇಷ್ಟ ಅಂತ ಹೇಳಿದ್ರೆ ಮರುದಿನದಿಂದ ನೀವು ನಮ್ಮನೆ ಹೊಸ್ತಿಲು ತುಳಿಯೋಕಾಗಲ್ಲ. ಅವತ್ತು ಮಚ್ಚೆ ನೋಡಿ ಸುಮ್ಮನಿರಬೇಕಿತ್ತು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡೆ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. "ನಿಮಗೆ ಅಜ್ಜಿ ಸಿಕ್ಕಿದ್ದೇ ದೊಡ್ಡ ಸಂತೋಷ ಅಂದ್ಕೊಂಡಿದ್ದೆ ನಾನು."

ಇಬ್ಬರೂ ಬೇಕರಿಯ ಮೆಟ್ಟಿಲ ಮೇಲೆ ಕೂತರು. ದಾರಿ ಒಂದಿತ್ತು, ಅವನೇ ಹೇಳಿದ. ತಿರುಗಿ ಬಂದವರು ಬರುವುದು ಹೋದ ಜನ್ಮದಲ್ಲಿ ಹೇಳದೆ ಉಳಿಸಿಹೋದ ಒಂದು ಮಾತಿಗಾಗಿ. ಆ ಮಾತನ್ನು ಅದು ಸೇರಬೇಕಾದವರ ಮುಂದೆ ಕುರ್ಚಿಯಲ್ಲಿ ಕೂತು ಹೇಳಬೇಕು. ಕೇಳಿದವರು "ಬಂತು" ಎಂದರೆ ಹಳೆಯ ನಂಟು ಮುಗಿಯಿತು. ಅವಕಾಶ ಒಂದೇ ಸಲ. ತಪ್ಪಿದರೆ ಬದುಕಿರುವವರೆಗೂ ಅದೇ ನಂಟು. ಹಾಗಾಗಿ ಹೆಚ್ಚಿನವರು ಆ ಗೋಜಿಗೇ ಹೋಗುವುದಿಲ್ಲ.

"ಯಾರಿಗೆ ಹೇಳಬೇಕಾದ ಮಾತು, ಏನು ಮಾತು?"

"ಅದು ಅಜ್ಜಿಗೇ ಗೊತ್ತು. ಅಂದ್ರೆ... ನಿಮಗೆ."

ಅವಳಿಗೆ ಏನೂ ಗೊತ್ತಿರಲಿಲ್ಲ.

ಮುಂದಿನ ರಜೆಗೆ ಹೋದಾಗ ಹೊಸ ಕನ್ನಡಕ ಒತ್ತಿ ಅವಳ ಕಿವಿಯ ಹಿಂದೆ ಕೆಂಪಾಗಿತ್ತು. ಅವನ ಅಮ್ಮ ನೋಡಿದರು. ಏನೂ ಹೇಳದೆ ಕನ್ನಡಕ ತೆಗೆದುಕೊಂಡು ಒಳಗೆ ಹೋಗಿ ಬಂದರು. ಬಲಗಡೆಯ ಕಡ್ಡಿಗೆ ಬಿಳಿ ನೂಲನ್ನು ಒತ್ತೊತ್ತಾಗಿ ಸುತ್ತಿ ಗಂಟನ್ನು ಒಳಬದಿಗೆ ಅಡಗಿಸಿದ್ದರು. ಹಾಕಿಕೊಂಡರೆ ಹಾಯೆನಿಸಿತು.

ಕುರ್ಚಿಯಲ್ಲಿ ಕೂತು ಸುಮ್ಮನೆ ಅಜ್ಜಿಯ ಕನ್ನಡಕವನ್ನು ಕೈಗೆತ್ತಿಕೊಂಡಳು. ಅದರ ಬಲಗಡೆಯ ಕಡ್ಡಿಗೂ ನೂಲು. ಬಣ್ಣ ಹಳದಿಗೆ ತಿರುಗಿತ್ತು. ಅದೇ ಸುತ್ತು, ಒಳಬದಿಗೆ ಅಡಗಿಸಿದ ಅದೇ ಗಂಟು.

ತನ್ನ ಕನ್ನಡಕ ತೆಗೆದು ಪಕ್ಕದಲ್ಲಿಟ್ಟು ನೋಡಿದಳು. ಒಂದೇ ಕೈಯ ಕೆಲಸ. ಅಂಗಡಿಯಲ್ಲಿ ಗಾಜಿನ ಪುಡಿ ಮೆತ್ತಿಕೊಳ್ಳುತ್ತಿದ್ದದ್ದು ಯಾರ ಕೈಗೆ ಎಂಬುದೂ ಆಗಲೇ ಹೊಳೆಯಿತು. ಅವನ ಅಪ್ಪ ಎಂದೂ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದವರಲ್ಲ.

"ಉಳಿದ ಮಾತು ಹೇಳ್ತೀನಿ," ಎಂದಳು.

ಅವನ ಅಪ್ಪನ ಕೈಯ ತುತ್ತು ಹಾಗೇ ನಿಂತಿತು. ಅವನು ಬೇಡ ಎಂಬಂತೆ ತಲೆಯಾಡಿಸಿದ. 'ತಪ್ಪಿದರೆ ಇವನು ಜನ್ಮವಿಡೀ ನನಗೆ ಮೊಮ್ಮಗ...'

ಅವಳು ಅವನ ಅಮ್ಮನ ಕಡೆ ತಿರುಗಿದಳು. ಮೊದಲ ಸಲ 'ನೀನು' ಎಂಬ ಶಬ್ದ ಬಾಯಿಗೆ ಬಂತು.

"ಈ ಕನ್ನಡಕ ಮಾಡಿದ್ದು ನೀನು. ನನ್ನ ಕಿವಿ ನೋಯ್ತಿದೆ ಅಂತ ನಾನು ಹೇಳೋ ಮೊದಲೇ ನೂಲು ಸುತ್ತಿದ್ದೂ ನೀನು. ನನಗೆ ಗೊತ್ತಿತ್ತು. ಗೊತ್ತಿದ್ದೂ ಮಗ ಮಾಡಿದ್ದು ಅಂತ ಊರಿಗೆಲ್ಲ ಹೇಳಿದೆ. ತಪ್ಪು ಮಾಡಿದೆ, ತಾಯಿ. ನಿನ್ನ ಕಣ್ಣಿಂದಲೇ ನಾನು ಕೊನೇವರೆಗೂ ಲೋಕ ನೋಡಿದ್ದು."

ಅವನ ಅಮ್ಮ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಮೆಲ್ಲಗೆ ಇಟ್ಟರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಬಂತು," ಎಂದರು.

ಅವನ ಅಪ್ಪ ತಲೆ ತಗ್ಗಿಸಿ, "ಅದು ನಿಜವೇ," ಎಂದರು ಸಣ್ಣ ದನಿಯಲ್ಲಿ.

ಅವನ ಅಮ್ಮ ಅವಳನ್ನು ಎಬ್ಬಿಸಿದರು. ಆ ಕುರ್ಚಿಯನ್ನು ಊಟದ ಮೇಜಿನ ಹತ್ತಿರ ಎಳೆದುಕೊಂಡು ತಾವೇ ಕೂತರು. ಇಷ್ಟು ವರ್ಷಗಳಲ್ಲಿ ಅದರಲ್ಲಿ ಕೂತದ್ದು ಅದೇ ಮೊದಲು. ಕಾಲು ಚಾಚಿ ಉಸಿರು ಬಿಟ್ಟು ಮಗನ ಮುಖ ನೋಡಿದರು, ಅವಳ ಮುಖವನ್ನೂ ನೋಡಿದರು. ರಸ್ತೆ ದಾಟಿದ ಮೇಲೂ ಹಿಡಿದೇ ಇದ್ದ ಕೈಗಳನ್ನು ಅಂಗಡಿಯ ಬಾಗಿಲಿನಿಂದ ನೋಡಿದ್ದವರು ಆಕೆ.

"ನಿಂತು ನಿಂತು ಸಾಕಾಗಿದೆ. ಸ್ವಲ್ಪ ನೀರು ಕೊಡು," ಎಂದರು ಅವಳಿಗೆ. "ಆ ಫೋಟೋನ ಅವರ ಮನೆಗೆ ವಾಪಸ್ ಕಳಿಸಬೇಕು, ನೆನಪಿಸು."

"ಆಗಲಿ ಅತ್ತೆ," ಎಂದಳು ಅವಳು.

ಆ ಸಂಜೆ ಅಂಗಡಿಯಲ್ಲಿ ಅವನು ಅವಳ ಕನ್ನಡಕದ ಕಡ್ಡಿ ಸರಿಮಾಡುತ್ತಿದ್ದ. ಅದಕ್ಕೆ ಏನೂ ಆಗಿರಲಿಲ್ಲ.

"ಆ ಮಾತು ನಿಜವಾಗ್ಲೂ ನೆನಪಾಯ್ತಾ?"

"ಇಲ್ಲ. ಆದರೆ ಹೇಳುವಾಗ ನನ್ನದೇ ತಪ್ಪು ಅನ್ನಿಸ್ತು."

ಅವನು ಕನ್ನಡಕವನ್ನು ಅವಳ ಕಿವಿಗೆ ಏರಿಸಿದ. ಬೆರಳು ಮಚ್ಚೆಯ ಮೇಲೆ ನಿಂತಿತು.

"ಮುಂದಿನ ಸಲ ನಿಮ್ಮನ್ನ ನಾನೇ ಹುಡುಕಬೇಕು. ಚುಕ್ಕೆ ಎಲ್ಲಿಡಲಿ?"

"ಅಲ್ಲೇ ಇಡಿ," ಎಂದಳು. "ಇಲ್ಲದಿದ್ರೆ ಇಷ್ಟು ಹತ್ತಿರ ಬರೋಕೆ ನಿಮಗೆ ನೆಪ ಎಲ್ಲಿ ಸಿಗುತ್ತೆ?"