ಚರಂಡಿ ರಾಣಿಯ ಮರಿಗಳು

"ಹೊಸ ರಬ್ಬರ್ ಆದ್ರೆ ಒಂದು, ಹಳೇದಾದ್ರೆ ಎರಡು. ಸ್ಟಿಕ್ಕರ್ ಆದ್ರೆ ನಾಲ್ಕು ಕೊಡ್ಬೇಕು." ಚೋಟಿ ಕೊನೆಯ ಬೆಂಚಿನಲ್ಲಿ ಕೂತು ಟಿಕೆಟ್ ಮಾರುತ್ತಿದ್ದಳು.

"ಅಷ್ಟೊಂದಾ? ಅದೇನೇ ತೋರಿಸ್ತೀಯ?" ಎಂದ ಮೈಕಾಸುರ. ಅವನು ಗುಟ್ಟು ಹೇಳಿದರೂ ಪಕ್ಕದ ಕ್ಲಾಸಿಗೆ ಕೇಳಿಸುತ್ತಿತ್ತು. ಚೋಟಿಗೆ 'ಚರಂಡಿ ರಾಣಿ' ಎಂದು ಹೆಸರಿಟ್ಟವನೂ ಅವನೇ. ಅವಳ ಅಮ್ಮ ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಆಪರೇಟರ್.

"ನಮ್ಮಮ್ಮ ಸಾಕಿರೋ ಮರಿಗಳು ಕಣೋ. ಕೋಟಿಗಟ್ಟಲೆ ಇವೆ! ದಿನಾ ಫೋನಲ್ಲಿ ಹೇಳ್ತಾಳೆ, 'ಮರಿಗಳಿಗೆ ಗಾಳಿ ಸಾಲ್ತಿಲ್ಲ, ಮೆಷಿನ್ ಹಾಕು. ತರಕಾರಿ ಮಾರ್ಕೆಟ್ಟಿಗೆ ರಜ, ಇವತ್ತು ಮರಿಗಳಿಗೆ ಊಟ ಕಮ್ಮಿ' ಅಂತ."

ಅದು ಸುಳ್ಳಲ್ಲ. ಮರಿಗಳು ಕಣ್ಣಿಗೇ ಕಾಣದಷ್ಟು ಸಣ್ಣವು ಎಂಬುದನ್ನು ಮಾತ್ರ ಚೋಟಿ ಬಾಯಿ ಬಿಡಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳ ದಂಡು ಘಟಕಕ್ಕೆ ಬಂತು. ಟಿಕೆಟ್ ವಿಷಯ ಅಮ್ಮನಿಗೆ ಗೊತ್ತಿರಲಿಲ್ಲ. ಅವಳು ಮಕ್ಕಳನ್ನು ಎದುರುಗೊಳ್ಳಲು ಗೇಟಿಗೆ ಹೋದಳು. ಚೋಟಿ ಮೊದಲೇ ಲ್ಯಾಬಿನೊಳಗೆ ಓಡಿದಳು. ಮೈಕ್ರೋಸ್ಕೋಪಿನ ಪಕ್ಕ ಒಂದು ಜಾಡಿಯಲ್ಲಿ ಕಂದು ನೀರಿತ್ತು. ಮೂಸಿದಳು. ಥೂ, ಕೊಳೆತ ಕೆಸರಿನ ವಾಸನೆ!

ಇದನ್ನು ಮೂಸಿದರೆ ಮೈಕಾಸುರ ಮೂಗು ಮುಚ್ಚಿಕೊಂಡು ಊರಿಗೆಲ್ಲ ಸಾರುತ್ತಾನೆ ಎಂದುಕೊಂಡಳು. ಅವಳು ಕಕ್ಕಸಿನ ಕಿಟಕಿಯಿಂದ ಫಿನಾಯಿಲ್ ತಂದು ಒಂದು ಮುಚ್ಚಳ ಜಾಡಿಗೆ ಸುರಿದಳು. ಘಮಘಮ!

ಮಕ್ಕಳೊಂದಿಗೆ ಒಳಬಂದ ಅಮ್ಮ ಜಾಡಿಯ ಒಂದು ಹನಿಯನ್ನು ಮೈಕ್ರೋಸ್ಕೋಪಿನ ಗಾಜಿನ ಮೇಲಿಟ್ಟಳು. ಮೊದಲು ಬಗ್ಗಿದವನು ಮೈಕಾಸುರ.

"ಆಂಟೀ, ಏನೂ ಅಲ್ಲಾಡ್ತಿಲ್ಲ! ಮೋಸ! ಏಯ್, ನನ್ನ ರಬ್ಬರ್ ವಾಪಸ್ ಕೊಡೇ!"

"ಯಾವ ರಬ್ಬರ್?" ಎಂದಳು ಅಮ್ಮ.

ಚೋಟಿ ತನ್ನ ಚೀಲವನ್ನು ಬೆನ್ನ ಹಿಂದೆ ಸರಿಸಿದಳು. ಅಮ್ಮ ತಾನೇ ಇಣುಕಿ ನೋಡಿದಳು. ಜಾಡಿಯನ್ನು ಮೂಸಿದಳು.

"ಇದಕ್ಕೆ ಫಿನಾಯಿಲ್ ಹಾಕಿದ್ಯಾರು?"

"ನಾನೇ... ವಾಸನೆ ಬರಬಾರದು ಅಂತ."

"ಯಾರಿಗೆ?"

ಚೋಟಿಯ ಕಣ್ಣು ಮೈಕಾಸುರನ ಕಡೆ ಹೋಯಿತು. ಅಮ್ಮನ ಕಣ್ಣೂ ಹೋಯಿತು. ಅಮ್ಮ ಬೈಯಲಿಲ್ಲ.

"ಊರಿನ ಹೊಲಸನ್ನೆಲ್ಲ ತಿಂದು ನೀರು ತಿಳಿ ಮಾಡ್ತವೆ ಕಣೇ ಇವು. ಆ ನೀರೇ ಹೊಲಕ್ಕೆ ಹೋಗೋದು. ಎಂಥ ಹೊಲಸನ್ನೂ ಅರಗಿಸ್ಕೋತವೆ. ನಿನ್ನ ಘಮಘಮ ಮಾತ್ರ ಅರಗಲ್ಲ."

ಚೋಟಿ ತಲೆ ತಗ್ಗಿಸಿದಳು. ಜಾಡಿಯಲ್ಲಿ ಎಷ್ಟು ಮರಿಗಳಿದ್ದವೋ!

ಅಮ್ಮ ಅವಳನ್ನು ಕರೆದುಕೊಂಡು ತೊಟ್ಟಿಯ ಬಳಿ ಹೋದಳು. ಗಾಳಿ ಮೆಷಿನ್ನಿನಿಂದ ಕಂದು ನೀರು ಗುಳುಗುಳು ಕುದಿಯುವಂತೆ ಕಾಣುತ್ತಿತ್ತು. ಉದ್ದ ಹಿಡಿಯ ಮಗ್ಗಿನಿಂದ ಅಮ್ಮ ಹೊಸ ನೀರು ಎತ್ತಿದಳು. ತೊಳೆದ ಜಾಡಿಯನ್ನು ಚೋಟಿ ಎರಡೂ ಕೈಯಲ್ಲಿ ಹಿಡಿದು ತಂದಳು. ವಾಸನೆ ಮೊದಲಿನದೇ. ಈ ಸಲ ಅವಳು ಮುಖ ತಿರುಗಿಸಲಿಲ್ಲ.

"ಅಯ್ಯಯ್ಯೋ, ಓಡ್ತಿದೆ ಕಣ್ರೋ!" ಮೈಕಾಸುರ ಕಿರುಚಿದ. "ಒಂದಕ್ಕೆ ಸ್ಪ್ರಿಂಗ್ ಇದೆ! ಗುಂಡಗಿರೋದು ಬಂದು ಅದಕ್ಕೆ ಗುದ್ದಿಬಿಡ್ತು!" ಜಾಡಿ ಅವನ ಮೂಗಿನ ಕೆಳಗೇ ಇತ್ತು. ಮೂಗು ಮುಚ್ಚುವುದು ಅವನಿಗೆ ಮರೆತೇ ಹೋಗಿತ್ತು. ಅವನನ್ನು ಎಬ್ಬಿಸಲು ಮೂವರು ಎಳೆಯಬೇಕಾಯಿತು.

ಅಮ್ಮ ಎದುರಿಗೇ ನಿಂತು ರಬ್ಬರು, ಸ್ಟಿಕ್ಕರು ಎಲ್ಲವನ್ನೂ ವಾಪಸ್ ಕೊಡಿಸಿದಳು.

ಸೋಮವಾರ ಮೈಕಾಸುರ ಶಾಲೆಯ ಗೇಟಿನಿಂದಲೇ ಕೂಗಿದ, "ಏ ಚರಂಡಿ ರಾಣೀ, ನಿನ್ನ ಮರಿಗಳಿಗೆ ಊಟ ಆಯ್ತಾ?"

ಎಲ್ಲರೂ ತಿರುಗಿ ನೋಡಿದರು.

"ಆಯ್ತಪ್ಪಾ," ಎಂದಳು ಚೋಟಿ ಅಷ್ಟೇ ಜೋರಾಗಿ. "ನೀನು ಬೆಳಿಗ್ಗೆ ಕಳಿಸಿದ್ದೂ ತಲುಪ್ತು!"

ಎಲ್ಲರಿಗಿಂತ ಜೋರಾಗಿ ನಕ್ಕವನು ಮೈಕಾಸುರ.

ರಬ್ಬರುಗಳು ಹೋಗಿದ್ದವು. ಹೆಸರು ಮಾತ್ರ ಉಳಿದಿತ್ತು. ಅದನ್ನು ವಾಪಸ್ ಕೊಡಬೇಕೆಂದು ಚೋಟಿಗೆ ಅನ್ನಿಸಲಿಲ್ಲ.