ಕಣಿವೆ ಯುದ್ಧದ ಪದಕ

ಮಾರ್ಚ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಠಾಣೆಗೆ ಬಂದ ನಿವೃತ್ತ ಸೈನಿಕರು ಕುರ್ಚಿ ತೋರಿಸಿದರೂ ಕೂರದೆ ದೂರು ಬರೆಸಿದರು. ಹಿಮಕಣಿವೆಯ ಯುದ್ಧಕ್ಕೆ ಸಿಕ್ಕಿದ್ದ ಪದಕ ಕಳುವಾಗಿತ್ತು.

"ಗುರುತು?" ಇನ್‌ಸ್ಪೆಕ್ಟರ್ ಕೇಳಿದರು.

"ಅಂಚಿನಲ್ಲಿ ನನ್ನ ನಂಬರ್ ಕೊರೆದಿದೆ. ನನ್ನ ಜೀವಮಾನದ ಸಂಪಾದನೆ ಅದೊಂದೇ ಸಾರ್."

ಎಫ್‌ಐಆರ್ ದಾಖಲಿಸಿ, ಹತ್ತೂವರೆಗೆ ಅವರ ಮನೆಯಲ್ಲಿ ಪಂಚನಾಮೆ ಶುರುವಾಯಿತು. ಪದಕವಿಟ್ಟಿದ್ದ ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ, ಪಕ್ಕದ ಚಿನ್ನದ ಉಂಗುರ ಹಾಗೇ ಇತ್ತು. ಮಖಮಲ್ಲಿನ ಮೇಲೆ ಬಿಳಿ ಪುಡಿಯ ಬೆರಳಚ್ಚು. ಎಲ್ಲದರಲ್ಲೂ ಮೂಗು ತೂರಿಸುವ ಹೆಡ್ ಕಾನ್‌ಸ್ಟೆಬಲ್ ಈ ಸಲ ನಾಲಿಗೆಯನ್ನೇ ತಾಗಿಸಿದರು.

"ಪಟಿಕ ಸಾರ್. ಗಡ್ಡ ಕೆರೆದ ಮೇಲೆ ಉಜ್ತಾರಲ್ಲ, ಅದು."

"ಸಾಕ್ಷ್ಯ ತಿಂದು ಮುಗಿಸ್ಬೇಡ್ರಿ," ಎಂದು ಇನ್‌ಸ್ಪೆಕ್ಟರ್ ಗದರಿ, ಸೈನಿಕರ ಕಡೆ ತಿರುಗಿದರು. "ನಿಮಗೆ ಶೇವಿಂಗ್ ಯಾರು ಮಾಡ್ತಾರೆ?"

"ನನ್ನ ಕೈ ನಡುಗುತ್ತೆ. ಭಾನುವಾರ ಸಲೂನಿನವನು ಮನೆಗೇ ಬರ್ತಾನೆ. ಒಳ್ಳೇವ್ನು, ಅವನಲ್ಲ ಬಿಡಿ."

ಹನ್ನೆರಡು ಹತ್ತಕ್ಕೆ ಸೈನಿಕರನ್ನೂ ಕರೆದುಕೊಂಡು ಹೋದಾಗ ಸಲೂನು ಮುಚ್ಚಿತ್ತು. ಹಿಂದಿನ ಕೋಣೆಯಲ್ಲಿ ಸಲೂನಿನವನ ಮುದಿ ತಂದೆ ಮಂಚದ ಮೇಲೆ ಏದುಸಿರು ಬಿಡುತ್ತಿದ್ದರು. ಬಿಗಿದ ಮುಷ್ಟಿಯಿಂದ ಪದಕದ ರಿಬ್ಬನ್ ಇಳಿಬಿದ್ದಿತ್ತು. ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತಿದ್ದ ಮಗನನ್ನು ಬಾಗಿಲಾಚೆ ಕರೆದರು.

"ನೀನೇ ತಗೊಂಡಿದ್ದಾ?"

"ಹೌದು ಸಾರ್. ಅಪ್ಪ ಅದೇ ಕಣಿವೇಲಿ ಪಲ್ಟನ್ ಕ್ಷೌರಿಕರಾಗಿದ್ರು. ಪದಕದ ಪಟ್ಟೀಲಿ ಹೆಸರು ಬಿಟ್ಟುಹೋಯ್ತು. ಡಾಕ್ಟ್ರು ಇನ್ನೆರಡೇ ದಿನ ಅಂದ್ರು. ಕಣ್ಣೂ ಕಾಣಲ್ಲ. ನಿಮ್ದು ಬಂತಪ್ಪಾ ಅಂತ ಕೈಲಿಟ್ಟೆ."

"ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಯಾವ ಮುಖ ಇಟ್ಕೊಂಡು ಕೇಳ್ಲಿ?"

ಒಳಗೆ ಸೈನಿಕರು ಮುದುಕರ ಎಡಗಿವಿಯನ್ನೇ ನೋಡುತ್ತಿದ್ದರು. ಅರ್ಧವನ್ನು ಹಿಮ ತಿಂದಿತ್ತು.

"ಅಣ್ಣಾ! ಹಿಮದಲ್ಲಿ ಮರಗಟ್ಟಿದ ನನ್ನ ಕಾಲು ಕತ್ತರಿಸ್ಬೇಕು ಅಂದಾಗ, ಮೂರು ದಿನ ಎದೆಗೆ ಒತ್ಕೊಂಡು ಉಳಿಸಿದ್ಯಲ್ಲ!"

"ಯಾರು, ಒಂಟೇನಾ?" ಪಲ್ಟನ್ನಿನ ಆ ಹಳೇ ಅಡ್ಡಹೆಸರು ಹೇಳುತ್ತಲೇ ಮುದುಕರ ಮುಖ ಅರಳಿತು. "ನೋಡೋ, ನನಗೂ ಬಂತು ಪದಕ."

"ಬರ್ಲೇಬೇಕಿತ್ತಣ್ಣ."

ಜಪ್ತಿಗೆ ಮುಷ್ಟಿ ಬಿಡಿಸಲು ಹೆಡ್ ಕಾನ್‌ಸ್ಟೆಬಲ್‌ಗೆ ಕೈ ಬರಲಿಲ್ಲ. ಇನ್‌ಸ್ಪೆಕ್ಟರ್ ಬಗ್ಗಿ, ಬೆರಳ ಸಂದಿಯಲ್ಲೇ ನಂಬರ್ ಓದಿ, 'ಸ್ವತ್ತನ್ನು ಸ್ಥಳದಲ್ಲೇ ಮಾಲೀಕರ ವಶಕ್ಕೆ ಒಪ್ಪಿಸಲಾಗಿದೆ' ಎಂದು ಬರೆದರು. ಮಾಲೀಕರು ಸಹಿ ಹಾಕಿದರು, ಪದಕವನ್ನು ಮುಟ್ಟಲಿಲ್ಲ.

ಹನ್ನೆರಡು ಐವತ್ತಕ್ಕೆ ಬಂಧನ. ಜೀಪು ಹತ್ತುವಾಗ ಮಗ ಅತ್ತ. "ಅಪ್ಪನ ಹತ್ರ ಯಾರಿರ್ತಾರೆ?"

"ನಾನಿದೀನಲ್ಲಪ್ಪ. ಜಾಮೀನಿಗೆ ನನ್ನ ಮಗಳು ಬರ್ತಾಳೆ," ಎಂದ ಸೈನಿಕರು ಇನ್‌ಸ್ಪೆಕ್ಟರ್ ಕೈ ಹಿಡಿದುಕೊಂಡರು. "ಐವತ್ತು ವರ್ಷ ಅಣ್ಣನ್ನ ಹುಡುಕಿದೆ ಸಾರ್. ಇವನು ಕದೀದಿದ್ರೆ ಸಿಗ್ತಿರ್ಲಿಲ್ಲ."